ಗುತ್ತುಮನೆಯ ಪಟ್ಟ

ಗಲ್ಫಿನಲ್ಲಿ ಏಷ್ಯನ್ ಗೇಮ್ಸ್ ನಡೆದ ವರ್ಷ, ಅಲ್ಲಿನ ಅಲ್ ಹಿಲಾಲ್‌ನ ಕ್ಲಿನಿಕ್‌ನಲ್ಲಿ ಸರದಿ ಕಾಯುತ್ತಿದ್ದ ನನ್ನ ಎದುರು ಒಬ್ಬ ಹಿರಿಯರೂ ಅವರ ತಂಗಿಯ ಮಗನೂ ಕುಳಿತಿದ್ದರು.

“ನಮ್ಮ ಕಂಪೆನಿಯ ಬ್ರಿಟಿಷ್ ಎಂ.ಡಿ. ತೀರಿಹೋದ್ರು ಮಾರಾಯ. ಅವರ ವಂಶದ ‘ಸರ್’ ಪದವಿ ಸೀದಾ ಮಗನಿಗೆ ಹೋಯ್ತು,” ಎಂದರು ಹಿರಿಯರು.

“ಅದಕ್ಕೆ?”

“ಊರಿನ ನಮ್ಮ ಗುತ್ತುಮನೆಯ ಯಜಮಾನಿಕೆಯ ಪಟ್ಟವೂ ನನ್ನ ನಂತರ ನನ್ನ ಮಗ ಕೃತಿಕನಿಗೇ ಹೋಗ್ಲಿ.”

“ಅಳಿಯ ನಾನಿರುವಾಗಲಾ? ನಮ್ಮದು ಅಳಿಯಸಂತಾನ, ಮಾವ, ಪಟ್ಟ ತಂಗಿಯ ಮಗನಿಗೆ. ಬಿಳಿ ದೊರೆಗಳ ಹಾಗಲ್ಲ.”

“ಕಾಲ ಬದಲಾಗಿದೆ. ಖಲಾಸ್.”

“ನಿಮಗೆ ಪಟ್ಟ ಆದ ದಿವಸ ಬದಲಾಗಿರ್ಲಿಲ್ವಾ? ಆವತ್ತು ನಿಮ್ಮ ಮಾವನ ಮಗ ಎಲ್ಲಿದ್ದ?”

ಹಿರಿಯರು ಕೈಯಲ್ಲಿದ್ದ ಟೋಕನ್ ಚೀಟಿಯನ್ನು ಮಡಚಿದರು.

“ಅಂಗಳದಲ್ಲಿ ಚಪ್ಪರ ಹಾಕ್ತಿದ್ದ.”

“ಕೃತಿಕನೂ ಚಪ್ಪರ ಹಾಕ್ಲಿ. ಕಲಿಸಿ.”

ನರ್ಸ್ ಹೆಸರು ಕರೆದಳು. ಅಳಿಯ ಚಾಚಿದ ಕೈಯನ್ನು ಹಿಡಿಯದೆ, ಹಿರಿಯರು ಗೋಡೆ ಹಿಡಿದುಕೊಂಡು ಒಬ್ಬರೇ ಒಳಗೆ ನಡೆದರು.