ಬಲವಂತವೇನಿಲ್ಲ

ಜ್ಯೂರಿ ಕೆಲಸಕ್ಕೆಂದು ಫೇರ್‌ಬ್ಯಾಂಕ್ಸ್ ನ್ಯಾಯಾಲಯಕ್ಕೆ ಹೋಗಿದ್ದೆ. ತಪಾಸಣೆಯ ಸಾಲಿನಲ್ಲಿ ನನ್ನ ಮುಂದೆ ಇಬ್ಬರು ವಕೀಲರು ನಿಂತಿದ್ದರು. ಊರುಗೋಲು ಹಿಡಿದ ಮುದುಕರ ಹೆಸರು ಆರ್ವಿಲ್, ಪಕ್ಕದಲ್ಲಿದ್ದ ನಡುವಯಸ್ಸಿನ ಹೆಂಗಸು ನೋರೀನ್.

“ಇವತ್ತು ಯಾವ ಕೇಸು ಆರ್ವಿಲ್?”

“ನನ್ನದೇ, ಅದೇ ಹಳೇದು. ವಕೀಲಿಕೆ ಮಾಡ್ಬೇಕಂದ್ರೆ ರಾಜ್ಯದ ವಕೀಲರ ಸಂಘಕ್ಕೆ ಸೇರ್ಲೇಬೇಕು ಅನ್ನೋದು ಅನ್ಯಾಯ ಅಂತ.”

“ಲಕ್ವ ಹೊಡೆದು ಮಲಗಿದ್ರಲ್ಲ, ಆಗ್ಲೂ ಇದೇ ಯೋಚ್ನೆನಾ?”

“ಮಾತು ನಿಂತಿತ್ತು, ಯೋಚ್ನೆ ನಿಂತಿರ್ಲಿಲ್ಲ.”

“ಆ ಐದು ತಿಂಗಳು ನಿಮ್ಮ ಕಕ್ಷಿದಾರರನ್ನ ನೋಡ್ಕೊಂಡೋರು ಯಾರು?”

“ನೀನೇ ಕಣಮ್ಮ. ಮರೀತೀನಾ? ಒಳ್ಳೇ ಮನಸ್ಸಿರೋರು ತಾವಾಗೇ ಬರ್ತಾರೆ. ಅದಕ್ಕೇ ಬಲವಂತ ಬೇಡ ಅನ್ನೋದು.”

“ನಾನಾಗೇ ಎಲ್ಲಿ ಬಂದೆ? ಸಂಘದೋರು ಹೇಳಿ ಕಳಿಸಿದ್ರು. ಅವ್ರ ಸದಸ್ಯರ ಪಟ್ಟೀಲಿ ನನ್ನ ಹೆಸರಿತ್ತು, ಇಲ್ಲ ಅನ್ನೋಕೆ ಆಗ್ಲಿಲ್ಲ.”

ಆರ್ವಿಲ್ ಊರುಗೋಲೂರಿ ಅವರತ್ತ ತಿರುಗಿದರು.

“ಹಾಗಾದ್ರೆ ನಿನ್ನನ್ನೂ ಬಲವಂತ ಮಾಡಿದ್ರು ಅಂತಾಯ್ತು. ಸಾಕ್ಷಿ ಹೇಳ್ತೀಯಾ?”

ನೋರೀನ್ ಜೋರಾಗಿ ನಕ್ಕುಬಿಟ್ಟರು. “ಬೇರೆ ಏನಾದ್ರೂ ಕೇಳಿ, ಮಾಡ್ತೀನಿ.”

“ಹತ್ತು ನಿಮಿಷ ಮಾತಾಡಿದ್ರೆ ನಾಲಿಗೆ ಎಳೆಯತ್ತೆ ನೋರೀನ್. ಜಡ್ಜು ಒಪ್ಪಿದ್ರೆ, ನನ್ನ ವಾದದಲ್ಲಿ ಮಿಕ್ಕಿದ್ದು ನೀನು ಓದಿ ಮುಗಿಸ್ತೀಯಾ?”

“ಸಂಘ ಬೇಡ ಅಂತ? ಬೇಕು ಅನ್ನೋಳು ನಾನು!”

“ಗೊತ್ತು. ಬಲವಂತವೇನಿಲ್ಲ.”

ನೋರೀನ್ ಮುದುಕರ ಮುಖವನ್ನೊಮ್ಮೆ ನೋಡಿದರು. ಆಮೇಲೆ ಅವರ ಕಂಕುಳಲ್ಲಿದ್ದ ಕಾಗದದ ಕಟ್ಟನ್ನು ಕಿತ್ತುಕೊಂಡು, ಮೊದಲ ಹಾಳೆಯನ್ನು ಗೊಣಗುತ್ತ ಓದಿಕೊಳ್ಳುತ್ತಲೇ ಅವರ ಜತೆ ಒಳಗೆ ಹೋದರು.