ಎರಡು ಮೊಳ ದಾರ

ಆಸ್ಪತ್ರೆಯ ಬೆಂಚಿನ ಮೇಲೆ ಕಾದೂ ಕಾದೂ ದರ್ಜಿಗೆ ತೂಕಡಿಕೆ ಹತ್ತಿತ್ತು. ಪಕ್ಕದಲ್ಲಿ ಕೂತಿದ್ದ ಅತ್ತೆ-ಸೊಸೆಯರ ಮಾತು ಅದನ್ನು ಓಡಿಸಿತು.

"ರಾತ್ರಿಯೆಲ್ಲ ನನ್ನನ್ನ ಎಬ್ಬಿಸೋಳು ನೀನೇ ಅಂತ ಡಾಕ್ಟರಿಗೆ ಹೇಳ್ಬಿಡು," ಎಂದು ಅತ್ತೆ ಗದರಿದಳು.

"ನಾನಾ? ಹೊತ್ತುಗೊತ್ತಿಲ್ಲದೆ ಎದ್ದು ಬೀದಿಗೆ ಹೊರಡ್ತಿದ್ದೋರು ಯಾರು ಅತ್ತೆ?"

"ಅದಕ್ಕೇ ತಾನೇ ನನ್ನ ಕೈಗೂ ನಿನ್ನ ಕೈಗೂ ಎರಡು ಮೊಳ ದಾರ ಕಟ್ಟಿರೋದು? ಈಗ ನಾನು ಏಳ್ತಿಲ್ವಲ್ಲ!"

"ಕಷ್ಟ ಆಗಿರೋದೇ ಅಲ್ಲಿ. ದಾರ ಅಲ್ಲಾಡದಿದ್ರೆ ನಂಗೆ ಎಚ್ಚರ ಆಗುತ್ತೆ. ಉಸಿರಿದೆಯೋ ಇಲ್ವೋ ಅಂತ ಮೆಲ್ಲಗೆ ಒಂದ್ಸಲ ಎಳೀತೀನಿ."

"ಮೆಲ್ಲಗಂತೆ! ಬಾವಿಯಿಂದ ನೀರು ಸೇದೋ ಹಾಗೆ ಎಳೀತೀಯ."

"ನಾನು ಮಲಗಿದ ಮೇಲೆ ನೀವೂ ಎಳೀತೀರಲ್ಲ?"

"ನೀನು ಗಂಟು ಬಿಚ್ಚಿ ಹೊರಟುಹೋಗಿದ್ರೆ?"

ಸೊಸೆ ಅತ್ತೆಯ ಜಾರಿದ ಸೆರಗನ್ನು ಸರಿಮಾಡಿದಳು.

"ಎಲ್ಲಿಗೆ ಹೋಗ್ಲಿ? ನಿಮ್ಮ ಮಗ ನಮ್ಮಿಬ್ಬರನ್ನೂ ಬಿಟ್ಟು ಹೋದ ಹಾಗೆ ನಂಗೆ ಹೋಗೋಕಾಗುತ್ತಾ?"

"ಹಾಗಾದ್ರೆ ಇವತ್ತು ಬಿಚ್ಚಿಟ್ಟು ಮಲಗೋಣ್ವಾ?"

"ಮೊನ್ನೆ ಬಿಚ್ಚಿದ್ವಲ್ಲ. ಇಬ್ಬರೂ ಬೆಳಗಿನ ತನಕ ಒಬ್ಬರ ಮುಖ ಒಬ್ಬರು ನೋಡ್ತಾ ಕೂತಿದ್ವಿ."

ನರ್ಸು ಬಾಗಿಲಿನಿಂದ ತಲೆ ಹಾಕಿದಳು. "ನಿದ್ದೆ ಬರಲ್ಲ ಅಂದೋರು ಯಾರು? ಒಬ್ಬರೇ ಒಳಗೆ ಬನ್ನಿ."

ಇಬ್ಬರೂ ಎದ್ದರು. ಹಾಡುಹಗಲು, ಕೈಗಳಲ್ಲಿ ದಾರವಿರಲಿಲ್ಲ. ಅತ್ತೆ ನಿಂತಲ್ಲಿ ಸೊಸೆ ನಿಂತಳು, ಸೊಸೆ ಹೆಜ್ಜೆಯಿಟ್ಟರೆ ಅತ್ತೆಯೂ ಇಟ್ಟಳು. ಬಾಗಿಲು ದಾಟುವ ತನಕ ನಡುವಿನ ಅಂತರ ಎರಡು ಮೊಳ ಮೀರಲಿಲ್ಲ. ಅಳತೆಯಲ್ಲಿ ದರ್ಜಿಯ ಕಣ್ಣು ತಪ್ಪುವುದಿಲ್ಲ.