ಅಳಿಸಿದ ಮೇಲೆ ಬರೆಯಬೇಡಿ

ನಿನ್ನೆ ಮನಸ್ತಾಪದ ಮಾತು ಅರ್ಧಕ್ಕೆ ನಿಂತಿತ್ತು. ಪ್ರವಚನ ಮುಗಿಸಿ ಏಳುವಾಗ ಒಬ್ಬ ತಾಯಿ ಅಡ್ಡ ನಿಂತು, "ಅಜ್ಜಾರ, ಒಮ್ಮೆ ಮುರಿದ ಮನಸು ಮತ್ತ ಕೂಡತೈತೇನ್ರಿ?" ಎಂದು ಕೇಳಿದರು. ನಾಳೆ ಹೇಳುತ್ತೇನೆ ತಾಯಿ ಎಂದು ತಪ್ಪಿಸಿಕೊಂಡೆ. ಇವತ್ತು ನೋಡಿದರೆ ಅವರು ಮುಂದಿನ ಸಾಲಿನಲ್ಲೇ ಕೂತಿದ್ದಾರೆ. ಇನ್ನು ತಪ್ಪಿಸಿಕೊಳ್ಳುವ ಹಾಗಿಲ್ಲ. ಕೇಳಿ, ಒಂದು ಕಥೆ ಹೇಳುತ್ತೇನೆ.

ಒಂದು ಪೇಟೆ ಊರು. ಆ ಊರಲ್ಲೊಬ್ಬ ಸಾಹುಕಾರ. ಹತ್ತಿ ಸಾಹುಕಾರನಲ್ಲ, ಕಾಳುಕಡಿ ಸಾಹುಕಾರನೂ ಅಲ್ಲ. ಕಂಪ್ಯೂಟರ್ ಸಾಹುಕಾರ! ನಗಬೇಡಿ, ಈಗ ಅಂಥವರೂ ಇದ್ದಾರೆ. ಬಸ್ ಸ್ಟ್ಯಾಂಡಿನ ಎದುರಿಗೆ ಮೂರು ಅಂತಸ್ತಿನ ಅಂಗಡಿ. ಕೆಳಗೆ ಮಾರಾಟ, ಮೇಲೆ ರಿಪೇರಿ, ಕೈಕೆಳಗೆ ಬೇಕಾದಷ್ಟು ಜನ. ಆದರೂ ಒಂದು ಕೆಲಸವನ್ನು ಮಾತ್ರ ಆತ ಇನ್ನೊಬ್ಬರ ಕೈಗೆ ಕೊಡುತ್ತಿರಲಿಲ್ಲ. ಅಳಿಸಿಹೋದದ್ದನ್ನು ತಿರುಗಿ ತೆಗೆಯುವ ಕೆಲಸ. ಯಾರದೋ ಮದುವೆಯ ಫೋಟೋ, ಯಾರದೋ ಕೂಸಿನ ಮೊದಲ ಹೆಜ್ಜೆಯ ವಿಡಿಯೋ, ತಪ್ಪಿ ಒತ್ತಿ ಅಳಿಸಿಕೊಂಡು ಅಳುತ್ತಾ ಬರುತ್ತಿದ್ದರು. ಆತ ಅವರನ್ನು ಕೂರಿಸಿ, ಚಹಾ ತರಿಸಿ, ಮೊದಲು ಸಮಾಧಾನ ಮಾಡುತ್ತಿದ್ದ. ಒಳ್ಳೆಯ ಮನುಷ್ಯ, ಅದರಲ್ಲಿ ಎರಡು ಮಾತಿಲ್ಲ.

ಸಮಾಧಾನ ಹೇಗೆ ಮಾಡುತ್ತಿದ್ದ ಗೊತ್ತೇ? ಪಾಠ ಹೇಳುತ್ತಿದ್ದ!

"ನೋಡ್ರಿ, ಇದರಾಗ ಪ್ರೊಸೆಸರ್ ಅಂತ ಒಂದು ಚಿಪ್ ಇರತೈತಿ. ಉಗುರಿನಷ್ಟು ಜಾಗಾದಾಗ ಕೋಟಿಗಟ್ಟಲೆ ಸ್ವಿಚ್ಚು. ಒಂದೊಂದಕ್ಕೂ ಗೊತ್ತಿರೋದು ಎರಡೇ ಮಾತು, ಹೌದು, ಇಲ್ಲಾಂದ್ರ ಅಲ್ಲ. ಅಷ್ಟರಾಗ ಕೂಡಸತೈತಿ, ಕಳೀತೈತಿ, ಹೆಚ್ಚು ಯಾವುದು ಕಡಿಮಿ ಯಾವುದು ನೋಡತೈತಿ. ಕಣ್ಣು ಮುಚ್ಚಿ ತಗಿಯೋದ್ರಾಗ ಎಷ್ಟೋ ಕೋಟಿ ಕೆಲಸ ಮಾಡಿ ಮುಗಸತೈತಿ. ಆದ್ರ ಅದರ ಕೈಯಾಗ ಏನೂ ನಿಲ್ಲಂಗಿಲ್ಲ. ನಿಲ್ಲಸಾಕ ಬ್ಯಾರೆ ಚಿಪ್ ಬೇಕು. ಅದಕ್ಕ ಮೆಮೊರಿ ಅಂತಾರ."

ತಾಯಂದಿರಿಗೆ ತಿಳಿಯುವ ಹಾಗೆ ನಾನು ಹೇಳುತ್ತೇನೆ. ಮೆಮೊರಿಯಲ್ಲಿ ಎರಡು ಬಗೆ. ಒಂದು, ನಿಮ್ಮ ಒಲೆಯ ಪಕ್ಕದ ಕಟ್ಟೆ ಇದ್ದ ಹಾಗೆ. ಉಪ್ಪು, ಖಾರ, ಹೆಚ್ಚಿದ ಉಳ್ಳಾಗಡ್ಡಿ, ಈಗ ಕೈಗೆ ಬೇಕಾದದ್ದಷ್ಟೇ ಅಲ್ಲಿ. ಕರೆಂಟು ಹೋಯಿತೋ, ಕಟ್ಟೆ ಖಾಲಿ. ಇನ್ನೊಂದು ಬಗೆಯದು ಕ್ಯಾಮೆರಾದಲ್ಲಿ, ಮೊಬೈಲಿನಲ್ಲಿ ಹಾಕುತ್ತೀರಲ್ಲ, ಆ ಕಾರ್ಡು. ಅದೂ ಚಿಪ್ಪೇ. ಅದರೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಸಣ್ಣ ಕೋಣೆಗಳು, ಸುತ್ತಲೂ ಗೋಡೆ. ಆ ಕೋಣೆಗಳಲ್ಲಿ ಒಂದಿಷ್ಟು ವಿದ್ಯುತ್ತನ್ನು ಕೂಡಿಹಾಕುತ್ತಾರೆ. ಹೊರಗೆ ಕರೆಂಟು ಹೋದರೂ ಒಳಗಿನದು ವರ್ಷಗಟ್ಟಲೆ ಅಲ್ಲೇ ಕೂತಿರುತ್ತದೆ. ನಿಮ್ಮ ಮಗಳ ನಗು, ನಿಮ್ಮ ಮಾವನವರ ಕೆಮ್ಮು, ಎಲ್ಲಾ ಆ ಕೋಣೆಗಳಲ್ಲೇ ಇರುವುದು.

ಈಗ ನಿಜವಾದ ಮಾತಿಗೆ ಬರೋಣ. ನೀವು ಅಳಿಸಿದಿರಿ. ಆ ಯಂತ್ರ ಏನು ಮಾಡುತ್ತದೆ? ಕೋಣೆಕೋಣೆಗೂ ಹೋಗಿ ಒಳಗಿದ್ದವರನ್ನು ಹೊರಗೆ ಹಾಕುತ್ತದೆಯೇ? ಇಲ್ಲ, ಅಷ್ಟು ಪುರುಸೊತ್ತು ಅದಕ್ಕಿಲ್ಲ. ಬಾಗಿಲ ಮೇಲಿನ ಹೆಸರಿನ ಫಲಕ ಕಿತ್ತುಹಾಕಿ, ಈ ಕೋಣೆ ಖಾಲಿ ಎಂದು ಗುರುತು ಮಾಡಿಕೊಂಡು ಹೋಗಿಬಿಡುತ್ತದೆ. ಒಳಗಿದ್ದವರು ಒಳಗೇ ಇದ್ದಾರೆ! ಹೆಸರಿಲ್ಲ, ಅಷ್ಟೇ. ಅವರು ನಿಜವಾಗಿ ಹೋಗುವುದು ಯಾವಾಗ? ಆ ಕೋಣೆಗೆ ನೀವು ಇನ್ನೊಬ್ಬರನ್ನು ತಂದು ತುಂಬಿದಾಗ.

ಜನ ಮಾಡುವ ತಪ್ಪೇ ಇದು ನೋಡಿ. ಅಳಿಸಿದೆವಲ್ಲಾ ಎಂದು ಗಾಬರಿಯಾಗುತ್ತಾರೆ. ಗಾಬರಿಯಲ್ಲಿ, ಕ್ಯಾಮೆರಾ ಸರಿ ಇದೆಯೋ ಇಲ್ಲವೋ ಎಂದು ಅದೇ ಕಾರ್ಡಿನಲ್ಲಿ ಮತ್ತೆ ನಾಲ್ಕು ಫೋಟೋ ಹೊಡೆಯುತ್ತಾರೆ. ಹುಡುಕುವ ಗಡಿಬಿಡಿಯಲ್ಲಿ ಕಳೆದದ್ದನ್ನೇ ತುಳಿದುಬಿಡುತ್ತಾರೆ. ಅದಕ್ಕೇ ಸಾಹುಕಾರ ಯಾರೇ ಬಂದರೂ ಮೊದಲು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ. "ಅಳಿಸಿದ ಮ್ಯಾಲೆ ಇದರಾಗ ಮತ್ತೇನರ ತುಂಬಿದಿರೇನು?" ಇಲ್ಲ ಎಂದರೆ ಅವನ ಮುಖ ಅರಳುತ್ತಿತ್ತು. ಹೌದು ಎಂದರೆ ಅವರಿಗಿಂತ ಹೆಚ್ಚು ಇವನೇ ಸಪ್ಪಗಾಗುತ್ತಿದ್ದ.

ಇಷ್ಟೆಲ್ಲ ಬಲ್ಲ ಸಾಹುಕಾರನಿಗೆ ಒಬ್ಬಳು ತಂಗಿ. ಒಡಹುಟ್ಟಿದವಳು. ಹತ್ತಿರದ ಊರಿಗೇ ಕೊಟ್ಟಿದ್ದರು, ಗಂಡ ಶಾಲೆಯ ಮಾಸ್ತರು. ಆ ತಂಗಿಗೂ ಇವನಿಗೂ ವರ್ಷಗಳಿಂದ ಮಾತಿಲ್ಲ.

ಆದದ್ದೇನು? ಸಾಹುಕಾರ ಮನೆಯ ಮುಂದೆ ಹಂದರ ಹಾಕಿ ಮಗಳ ಮದುವೆ ಮಾಡಿದ. ನಮ್ಮ ಕಡೆ ಪದ್ಧತಿ ನಿಮಗೆ ಗೊತ್ತೇ ಇದೆ. ಮನೆಯ ಹೆಣ್ಣುಮಗಳು ತವರಿನಿಂದ ಹೊರಡುವಾಗ ದೇವರ ಮನೆಯ ಮುಂದೆ ಕೂರಿಸಿ, ಸೆರಗಿನಲ್ಲಿ ಅಕ್ಕಿ, ಕೊಬ್ಬರಿ, ಕುಪ್ಪಸದ ಖಣ ಹಾಕಿ ಉಡಿ ತುಂಬಿ ಕಳಿಸಬೇಕು. ಬರಿ ಉಡಿಯಲ್ಲಿ ಕಳಿಸಬಾರದು. ಅವತ್ತು ಸಂಜೆ ಬೀಗರನ್ನು ಕಳಿಸಿ ಒಳಗೆ ಬಂದು ನೋಡಿದರೆ, ತಂಗಿ ಇಲ್ಲ! ಉಡಿ ತುಂಬಿಸಿಕೊಳ್ಳದೆ, ಹೇಳದೆ ಕೇಳದೆ ಹೋಗಿಬಿಟ್ಟಿದ್ದಾಳೆ. ನೆಂಟರೆಲ್ಲ ಇವನ ಮುಖ ನೋಡಿದರು. ಸಾಹುಕಾರನಿಗೆ ಸಿಟ್ಟು ನೆತ್ತಿಗೇರಿತು.

ಅಲ್ಲಿಂದ ಶುರುವಾಯಿತು ಕಥೆ ಹೇಳುವುದು. ಹೆಂಡತಿಗೆ ಹೇಳಿದ, ಬೀಗರಿಗೆ ಹೇಳಿದ, ಅಂಗಡಿಯಲ್ಲಿ ಕಂಪ್ಯೂಟರು ಚಾಲೂ ಆಗುವವರೆಗೆ ಪುರುಸೊತ್ತು ಎಂದು ಗಿರಾಕಿಗಳಿಗೂ ಹೇಳಿದ. ಮೊದಲ ಸಲ ಹೇಳಿದಾಗ ತಂಗಿ ಹೇಳದೆ ಹೋಗಿದ್ದಳು. ಆಮೇಲೊಮ್ಮೆ ಹೇಳಿದಾಗ ಮುಖ ತಿರುವಿಕೊಂಡು ಹೋಗಿದ್ದಳು. ದೀಪಾವಳಿಯ ಹೊತ್ತಿಗೆ ಬಾಗಿಲು ಬಡಿದು ಹೋಗಿದ್ದಳು! ಮದುವೆಮನೆಯ ಬಾಗಿಲು ಅವತ್ತು ಹಗಲೆಲ್ಲ ತೆರೆದೇ ಇತ್ತು, ಬಡಿದದ್ದನ್ನು ಕಂಡವರು ಯಾರು ಹೇಳಿ? ಕೇಳುವವರು ಯಾರೂ ಕೇಳಲಿಲ್ಲ. ಹೇಳುವವನಿಗೂ ಹೊಳೆಯಲಿಲ್ಲ.

ಹೀಗಿರುವಾಗ ಒಂದು ಮಧ್ಯಾಹ್ನ, ಗಿರಾಕಿಗಳ ಸಾಲಿನಲ್ಲಿ ಆ ತಂಗಿಯೇ ಬಂದು ನಿಂತಳು. ಎಷ್ಟು ಸೊರಗಿದ್ದಾಳೆ! ಯಾವಾಗ ಇಷ್ಟು ಕೂದಲು ಬೆಳ್ಳಗಾಯಿತು? ಆಕೆ ತಲೆ ಎತ್ತಲಿಲ್ಲ. ಕಾಗದದಲ್ಲಿ ಸುತ್ತಿದ್ದ ಒಂದು ಕಾರ್ಡನ್ನು ಟೇಬಲ್ಲಿನ ಮೇಲಿಟ್ಟು, "ಇದನ್ನ ನೋಡಬೇಕಿತ್ರಿ" ಎಂದಳು. ಊರಿನವರೆಲ್ಲ ಅವನಿಗೆ ರೀ ಎನ್ನುತ್ತಿದ್ದರು. ತಂಗಿಯ ಬಾಯಲ್ಲಿ ಅದನ್ನು ಕೇಳಿ ಅವನಿಗೆ ಸಂಕಟವಾಯಿತು.

"ಏನಾಗೈತಿ?" ಎಂದ, ಕಾರ್ಡನ್ನೇ ನೋಡುತ್ತಾ.

"ಅವರ ಗಂಟಲ ಆಪರೇಶನ್ ಆತ್ರಿ. ಜೀವಕ್ಕೇನೂ ಧೋಕಾ ಇಲ್ಲ, ಆದ್ರ ಇನ್ನ ದನಿ ಬರಂಗಿಲ್ಲ ಅಂದಾರ. ಅದಕ್ಕ ಆಪರೇಶನ್ನಿಗೆ ಹೋಗೂಕಿಂತ ಮದಲ ಅವರ ದನಿ ಒಂದಿಷ್ಟು ಹಿಡದು ಇಟ್ಟಿದ್ದೆ. ಪೇಪರ್ ಓದೋದು, ನನ್ನ ಕರಿಯೋದು, ಬೆಕ್ಕಿಗೆ ಬೈಯೋದು. ನಿನ್ನೆ, ಮಿಕ್ಸರ್ ಸಪ್ಪಳ ಬಿದ್ದಿದ್ದೊಂದು ಇತ್ತು, ಅದನ್ನ ತಗಿಯಾಕ ಹೋಗಿ ಎಲ್ಲಾ ಅಳಿಸಿಬಿಟ್ಟೆ." ಆಕೆ ತಡವರಿಸಿದಳು. "ಅವರಿಗೆ ಇನ್ನೂ ಹೇಳಿಲ್ಲ."

ಮಾಸ್ತರು ಶಾಲೆಯಲ್ಲಿ ಪದ್ಯ ಹೇಳಿದರೆ ರಸ್ತೆಗೆ ಕೇಳಿಸುತ್ತಿತ್ತು. ಅಂಥವರ ದನಿ ಹೋಗಿದೆ, ಒಡಹುಟ್ಟಿದ ಇವನಿಗೆ ಗೊತ್ತೇ ಇಲ್ಲ! ಯಾರೋ ಹೇಳಲು ಬಂದಿದ್ದರೂ ಬಂದಿದ್ದಾರು. ಇವನು ತನ್ನ ಕಥೆ ಶುರು ಮಾಡಿದ ಮೇಲೆ ಅವರು ಹೇಳುವುದು ಯಾವಾಗ?

ರೂಢಿಯ ಪ್ರಶ್ನೆಯನ್ನೇ ಕೇಳಿದ. "ಅಳಿಸಿದ ಮ್ಯಾಲೆ ಇದರಾಗ ಮತ್ತೇನರ ತುಂಬಿದೇನು?"

"ಇಲ್ಲ. ಕೂಡ್ಲೇ ಹೊರಗ ತಗದು ಇಟ್ಟೆ. ನೀನೇ ಹೇಳ್ತಿದ್ದಿಯಲ್ಲ, ಅಳಿಸಿದ ಮ್ಯಾಲೆ ಬರೀಬಾರದು ಅಂತ. ಮುಟ್ಟಿಲ್ಲ ಅಣ್ಣಾ."

ಅಣ್ಣಾ ಎಂಬುದು ಆಕೆಗೆ ತಿಳಿಯದೆಯೇ ಬಂದಿತ್ತು.

ಆತ ಕಾರ್ಡಿನ ಬದಿಯ ಪುಟ್ಟ ಬೀಗವನ್ನು ಸರಿಸಿ ಹಾಕಿ, ಕಾರ್ಡನ್ನು ಯಂತ್ರಕ್ಕೆ ಸಿಕ್ಕಿಸಿದ. ಆ ಬೀಗ ಹಾಕಿದರೆ ಓದಬಹುದು, ಹೊಸದಾಗಿ ಬರೆಯಲು ಆಗುವುದಿಲ್ಲ. ಯಂತ್ರ ಹೆಸರಿಲ್ಲದ ಕೋಣೆಗಳ ಬಾಗಿಲನ್ನು ಒಂದೊಂದಾಗಿ ತಟ್ಟುತ್ತಾ ಹೋಯಿತು. ಎಷ್ಟೋ ಹೊತ್ತಿನ ಮೇಲೆ ಮೊದಲ ದನಿ ಹೊರಗೆ ಬಂತು. ತುಂಬಿದ ದನಿ, ಗದರುವ ದನಿ.

"ಏ, ಕೇಳಿತೇನು? ಚಾ ಆತೇನು?"

"ಚಾ ತಂದೆ, ತಡೀರಿ!" ಎಂದು ಆಕೆ ದಿಗ್ಗನೆ ಎದ್ದು ನಿಂತಳು.

ಎದ್ದವಳು ಸುತ್ತ ನೋಡಿ, ಮೆಲ್ಲಗೆ ಕೂತು, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

ಸಾಹುಕಾರನಿಗೆ ತಂಗಿಯ ಹತ್ತಿರ ಏನಾದರೂ ಹೇಳಬೇಕೆನ್ನಿಸಿತು. ಬಾಯಿ ತೆರೆದ. ನಾಲಿಗೆಯ ತುದಿಗೆ ಬಂದದ್ದು ಏನು? ಅದೇ ಕಥೆ! ಅವತ್ತು ನೀನು ಬಾಗಿಲು ಬಡಿದು ಹೋದೆಯಲ್ಲ ಎನ್ನುವುದರಲ್ಲಿದ್ದ. ಆಗ ಅವನ ಕೈ ಬೀಗ ಹಾಕಿದ ಆ ಕಾರ್ಡಿನ ಮೇಲಿತ್ತು. ಆಕೆ ಮುಟ್ಟಿರಲಿಲ್ಲ, ಅದಕ್ಕೇ ಎಲ್ಲಾ ಉಳಿದಿತ್ತು. ತಾನು ಏನು ಮಾಡಿದೆ? ಅಳಿಸಿದ ಜಾಗದ ಮೇಲೆ ದಿನಾ ಬರೆದೆ. ಗಿರಾಕಿಗಳ ಮುಂದೆಯೂ ಬರೆದೆ. ಅವತ್ತಿನ ತಂಗಿಯ ಮುಖ ನೆನಪು ಮಾಡಿಕೊಳ್ಳಲು ನೋಡಿದ. ಬರಲಿಲ್ಲ. ಬಂದದ್ದು ಎಂದೂ ಆಗಿರದ ಆ ಬಾಗಿಲಿನ ಸದ್ದು. ಜೀವನದಲ್ಲಿ ಮೊದಲ ಬಾರಿಗೆ ಅವನಿಗೆ ಭಯವಾಯಿತು. ಇದು ಇನ್ನು ಸಿಗದೇ ಹೋದರೆ?

"ಅವತ್ತು ನಿನಗ ಏನಾಗಿತ್ತವಾ?" ಎಂದ. "ನೀ ಹೇಳು. ನಾ ನಡುವ ಬಾಯಿ ಹಾಕಂಗಿಲ್ಲ."

ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆತ ಕಾದ.

"ದೇವರ ಮನಿ ಮುಂದ ಕುಂತಿದ್ದೆ ಅಣ್ಣಾ. ಅತ್ತಿಗಿ ಬೀಗರ ಸಂಗಾಟ ಇದ್ದರು. ಊರಿಗೆ ಕಡೀ ಬಸ್ಸಿನ ಹೊತ್ತಾಗಿತ್ತು. ನೀ ಅತ್ತಾಗಿಂದ ಇತ್ತಾಗ ಹಾದು ಹೋದಿ. ಕರದೆ. ಬಂದೆ ತಡಿ ಅಂದಿ. ಬರಲಿಲ್ಲ. ಇನ್ನೊಮ್ಮೆ ಕರೀಲಿಕ್ಕೆ ನಾಚಿಕಿ ಆತು. ಬರಿ ಉಡೀಲೆ ಹಂದರದಾಗಿಂದ ಹಾದು ಹೋದ್ರ ಮಂದಿ ನಿನಗ ಏನಂದಾರು? ಅದಕ್ಕ ಹಿತ್ತಲ ಕಡೆಯಿಂದ ಹೋದೆ. ಯಾರ ಕಣ್ಣಿಗೂ ಬೀಳಲಿಲ್ಲ."

ಕೇಳಿದಿರಾ? ತನ್ನ ಮಾನ ಕಳೆದಳೆಂದು ಆತ ಊರೆಲ್ಲ ಹೇಳುತ್ತಿದ್ದ, ಆ ಮಾನ ಉಳಿಸಲೆಂದೇ ಆಕೆ ಹಿತ್ತಲಿನಿಂದ ಹೋಗಿದ್ದಳು!

ಸಾಹುಕಾರನೊಳಗೆ ಏನೋ ಅಲುಗಾಡಿತು. ದೇವರ ಮನೆಯ ಹೊಸ್ತಿಲು ಕಂಡಿತು. ಮಡಿಲ ಮೇಲೆ ಹಾಸಿದ ಸೆರಗನ್ನು ಹಿಡಿದಿದ್ದ ಎರಡು ಕೈಗಳು ಕಂಡವು.

"ನೋಡಿದ್ದೆ ತಂಗಿ," ಎಂದ. "ನೀ ಕುಂತಿದ್ದು ನೋಡಿದ್ದೆ. ನೋಡಿನೂ, ನಮ್ಮಾಕಿನೇ ಅಲ್ಲೇನು, ಆಮ್ಯಾಲೆ ಬಂದ್ರಾತು ಅಂತ ಮುಂದ ಹೋದೆ."

ಅಷ್ಟು ದೊಡ್ಡ ಸಾಹುಕಾರ, ಗಿರಾಕಿಗಳ ಎದುರಿಗೇ ಅತ್ತ. ತಂಗಿ ಎದ್ದು ಬಂದು ಅವನ ತಲೆ ಸವರಿದಳು. "ಸುಮ್ನಿರು, ಮಷೀನಿನ ಮ್ಯಾಲೆ ನೀರು ಬೀಳತೈತಿ. ಇನ್ನೂ ಅವರ ದನಿ ಪೂರಾ ತಗಿಯೋದೈತಿ" ಎಂದಳು.

ಉಡಿ ತುಂಬಿದರೇ ಎಂದು ತಾಯಂದಿರು ಕೇಳುತ್ತೀರಿ. ತುಂಬಿದರು, ಯಾಕೆ ತುಂಬುವುದಿಲ್ಲ? ಅಂಗಡಿ ಬಿಟ್ಟು ಮನೆಗೆ ಕರೆದುಕೊಂಡು ಹೋದ. ಆದರೆ ಸುಳ್ಳು ಹೇಳಬಾರದು, ಅವನಿಗೆ ಎಲ್ಲವೂ ತಿರುಗಿ ಸಿಗಲಿಲ್ಲ. ಆಕೆ ಅವತ್ತು ಉಟ್ಟಿದ್ದ ಸೀರೆ ಯಾವುದು, ಕರೆದಾಗ ಅವಳ ದನಿ ಹೇಗಿತ್ತು, ಎಷ್ಟು ಹುಡುಕಿದರೂ ಬರಲಿಲ್ಲ. ಅದರ ಮೇಲೆ ಬರೆದಾಗಿತ್ತು. ಉಳಿದದ್ದರಲ್ಲೇ ಅಣ್ಣ ತಂಗಿ ಮತ್ತೆ ಶುರು ಮಾಡಿದರು. ನಿನ್ನೆ ಕೇಳಿದ ತಾಯಿ, ಮುರಿದ ಮನಸು ಕೂಡುವುದು ಹೀಗೆ.

ಈಗ ನಿಮ್ಮ ಕಡೆ ಬರುತ್ತೇನೆ. ಹಿಂದೆ ಕಂಬಕ್ಕೆ ಒರಗಿದವರೇ, ಸ್ವಲ್ಪ ನೆಟ್ಟಗೆ ಕೂತುಕೊಳ್ಳಿ. ನಿಮ್ಮ ಹತ್ತಿರ ಅಂಥದೊಂದು ಕಥೆ ಇಲ್ಲವೇ? ವಾರಗಿತ್ತಿಯದು, ಅಣ್ಣನದು, ಹಳೆಯ ಗೆಳೆಯನದು? ಸೊಪ್ಪು ಸೋಸುವಾಗ ಹೇಳುತ್ತೀರಿ, ಕಟಿಂಗ್ ಅಂಗಡಿಯಲ್ಲಿ ಹೇಳುತ್ತೀರಿ, ಬಸ್ಸಿನಲ್ಲಿ ಪಕ್ಕಕ್ಕೆ ಕೂತವರ ಹೆಸರು ಗೊತ್ತಿಲ್ಲದಿದ್ದರೂ ಅವರಿಗೂ ಹೇಳುತ್ತೀರಿ. ನಮ್ಮ ತಲೆಯ ಸ್ವಿಚ್ಚಿಗೂ ಎರಡೇ ಮಾತು ಗೊತ್ತು. ನಾನು ಸರಿ, ಅವರು ತಪ್ಪು. ಹೇಳಿದಷ್ಟು ಸಲವೂ ಒಳಗೆ ಕೂತಿರುವ ಆ ಜೀವವನ್ನು ನೀವೇ ಒಂದೊಂದು ಕೋಣೆಯಿಂದ ಹೊರಗೆ ಹಾಕುತ್ತಿದ್ದೀರಿ.

ಕ್ಷಮಿಸಿಬಿಡಿ ಎಂದು ನಾನು ಇವತ್ತು ಹೇಳುವುದಿಲ್ಲ. ಅದು ದೊಡ್ಡ ಮಾತು, ಒಂದು ದಿನಕ್ಕೆ ಆಗುವುದಲ್ಲ. ಬರೆಯುವುದನ್ನು ನಿಲ್ಲಿಸಿ. ಅಷ್ಟೇ ಕೇಳುವುದು. ನಾಳೆ ಬೆಳಿಗ್ಗೆ ಆ ಕಥೆ ನಾಲಿಗೆಗೆ ಬಂದಾಗ ನುಂಗಿಕೊಳ್ಳಿ. ಮರುದಿನವೂ ನುಂಗಿಕೊಳ್ಳಿ. ಮನೆಯಲ್ಲಿ ಬೇರೆ ಯಾರಾದರೂ ಶುರು ಮಾಡಿದರೆ, ಬೇಡ ಅನ್ನಿ.

ಆಮೇಲೆ ಅವರನ್ನೇ ಹೋಗಿ ಕೇಳಿ. ಹೋಗಲು ಕಾಲು ಬಾರದಿದ್ದರೆ ಫೋನು ಮಾಡಿ, ಎಲ್ಲರ ಕಿಸೆಯಲ್ಲೂ ಇದೆಯಲ್ಲ. ಅವತ್ತು ನಿನಗೆ ಏನಾಗಿತ್ತು ಎಂದು ಕೇಳಿ. ಅವರು ಹೇಳಲು ಶುರು ಮಾಡಿದಾಗ, "ಆದ್ರ ನೀನೂ..." ಎಂದು ನಿಮ್ಮ ಬಾಯಿ ತೆರೆಯುತ್ತದೆ. ನನಗೆ ಗೊತ್ತು, ತೆರೆದೇ ತೆರೆಯುತ್ತದೆ. ಮುಚ್ಚಿಕೊಳ್ಳಿ. ಅವರು ಹೇಳಿ ಮುಗಿಸುವವರೆಗೆ, ಮುಗಿಸಿ ಅತ್ತರೆ ಅತ್ತು ಮುಗಿಸುವವರೆಗೆ, ಸುಮ್ಮನೆ ಕೇಳಿಸಿಕೊಳ್ಳಿ.